ಸೈಕಲಿಗೆ ಟಿಕೆಟ್ ಉಂಟೇ?

ಸಂಘದ ಕೆಲಸದಲ್ಲಿ ಸ್ವಲ್ಪವಾದರೂ ಕೈಯಾಡಿಸಿದವರಿಗೆ, ಉತ್ಸವ ಮುಗಿದ ಮರುವಾರದ ಕಾರ್ಯಕಾರಿ ಸಮಿತಿಯ ಸಭೆ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಉತ್ಸವದ ದಿನ ಹಾರ ಹಾಕಿ, ಶಾಲು ಹೊದೆಸಿ, ಮೈಕಿನ ಮುಂದೆ ಗದ್ಗದಿತರಾಗಿ ಮಾತನಾಡಿದವರೇ ಮರುವಾರ ಚಹಾದ ಲೋಟ ಮುಂದಿಟ್ಟುಕೊಂಡು ಪೆಂಡಾಲಿನವನ ಬಿಲ್ಲಿನಲ್ಲಿ ಇಪ್ಪತ್ತು ಕುರ್ಚಿ ಹೆಚ್ಚಿಗೆ ಹೇಗೆ ಬಂತೆಂದು ವಾಗ್ವಾದಕ್ಕಿಳಿಯುತ್ತಾರೆ. ಇದನ್ನು ನಾವು ತಪ್ಪೆನ್ನುವುದಿಲ್ಲ. ಸದಸ್ಯರ ಹಣ, ಲೆಕ್ಕ ಇರಲೇಬೇಕು.

1990ರ ದಶಕದ ನಡುವಿನಲ್ಲಿ ಡೊಂಬಿವಲಿಯಲ್ಲಿ ನಡೆದ ಇಂಥದೊಂದು ಸಭೆಯ ಮಾತು ಇದು. ಪುಷ್ಯ ಬಹುಳ ಅಮಾವಾಸ್ಯೆಯ ಪುರಂದರದಾಸರ ಆರಾಧನೆಯನ್ನು ನಾವು ಸ್ವಲ್ಪ ಅದ್ದೂರಿಯಾಗಿಯೇ ನಡೆಸಿದ್ದೆವು. ಬೆಂಗಳೂರಿನಿಂದ ನಾಲ್ವರ ತಂಡ ಬಂದು ಹಾಡಿ ಹೋಗಿತ್ತು. ಅವರ ಎರಡೂ ಕಡೆಯ ರೈಲು ಖರ್ಚು, ವಸತಿ, ಊಟೋಪಚಾರ, ಗೌರವಧನ ಎಲ್ಲವೂ ಲೆಕ್ಕಪತ್ರದಲ್ಲಿ ಸಾಲಾಗಿ ಕುಳಿತಿದ್ದವು. ಅದರ ಕೆಳಗೆ ಒಂದು ಸಾಲು: 'ಸ್ಥಳೀಯ ಕಲಾವಿದರು — ಶಾಲು 1, ಫಲತಾಂಬೂಲ.' ಆ ಸ್ಥಳೀಯ ಕಲಾವಿದರು ಕಲ್ಯಾಣದ ಹಾರ್ಮೋನಿಯಂ ಮಾಸ್ತರರು. ದೊಡ್ಡ ತಂಡ ವೇದಿಕೆ ಏರುವ ಮುನ್ನ ಒಂದು ಗಂಟೆಯ ಹೊತ್ತು ದಾಸರ ಪದ ಹಾಡಿದವರು. ಅವರಿಗೂ ಬರುವ-ಹೋಗುವ ಖರ್ಚೆಂದು ಏನಾದರೂ ಕೊಡಬೇಡವೇ ಎಂದು ಒಬ್ಬ ಮಹಿಳಾ ಸದಸ್ಯರು ಕೇಳಿದರು. ನಮ್ಮ ಕೋಶಾಧಿಕಾರಿಗಳು ಕರಾವಳಿಯವರು, ಒಂದು ಕಾಸೂ ಅತ್ತಿತ್ತ ಮಾಡದ ಪ್ರಾಮಾಣಿಕರು. ಕನ್ನಡಕ ಮೇಲೆತ್ತಿ, "ಅವರು ಬಂದದ್ದು ಸೈಕಲಲ್ಲಿ ಅಲ್ವಾ ಮಾರಾಯ್ರೆ? ಸೈಕಲಿಗೆ ಟಿಕೆಟ್ ಉಂಟಾ? ನಾನು ವೋಚರಿಗೆ ಏನನ್ನು ಅಂಟಿಸುವುದು?" ಎಂದರು.

ಸಭೆ ನಕ್ಕಿತು. ನಾವೂ ನಕ್ಕೆವು. ಕೇಳಿದ ಮಹಿಳೆ ಮಾತ್ರ ನಗಲಿಲ್ಲ. ಮುಂದಿನ ವಿಷಯಕ್ಕೆ ಹೋದೆವು.

ಆ ನಗು ಇಷ್ಟು ವರ್ಷಗಳ ಮೇಲೂ ನಮ್ಮನ್ನು ಬಿಟ್ಟಿಲ್ಲವಾದ್ದರಿಂದ ಈ ಲೇಖನ. ಹಾಡುವವನಿಗೆ ನಾವು ಕೊಡುವುದು ಏನಕ್ಕಾಗಿ? ಅವನ ಹಾಡಿಗೋ, ಅವನ ಹೊತ್ತಿಗೋ, ಅವನು ನಡೆದು ಬಂದ ದಾರಿಗೋ, ನಮ್ಮ ಮಾನಕ್ಕೋ? ತನ್ನ ಕಾಲಬಲದಿಂದಲೇ ಬಂದವನು ಖರ್ಚಿಲ್ಲದೆ ಬಂದವನೆಂದು ಎಣಿಸುವ ನಮ್ಮ ಲೆಕ್ಕ ಎಂಥ ಲೆಕ್ಕ?

ಮಾಸ್ತರರ ಪರಿಚಯ ಹೇಳಬೇಕು. ಹೆಸರು ಬೇಡ; ಅವರಿಗೇ ಅದು ಸೇರುತ್ತಿರಲಿಲ್ಲ. ಗದಗಿನ ಕಡೆಯವರು. ಇಲ್ಲಿಯ ಕಾರ್ಖಾನೆಯೊಂದರಲ್ಲಿ ಬಹಳ ಕಾಲ ಕೆಲಸದಲ್ಲಿದ್ದು, ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಟ್ಟು ಸಂಸಾರ ಸಾಗಿಸುತ್ತಿದ್ದರು. ಐವತ್ತು ದಾಟಿದ ವಯಸ್ಸು. ಕಚ್ಚೆ ಬಿಗಿದ ಧೋತರ, ತಲೆಗೊಂದು ಬಿಳಿಯ ಟೋಪಿ. ಕಪ್ಪು ಬಣ್ಣದ ಗಟ್ಟಿ ಸೈಕಲ್. ಅದರ ಹಿಂದಿನ ಕ್ಯಾರಿಯರಿನ ಮೇಲೆ ಹಳೆಯ ದುಪ್ಪಟಿಯಲ್ಲಿ ಸುತ್ತಿ, ಗೋಣಿತಟ್ಟು ಹೊದೆಸಿ, ಟ್ಯೂಬು ಕತ್ತರಿಸಿದ ರಬ್ಬರು ಪಟ್ಟಿಗಳಿಂದ ಬಿಗಿದ ಹಾರ್ಮೋನಿಯಂ. ಹ್ಯಾಂಡಲಿಗೆ ನೇತುಹಾಕಿದ ಕೈಚೀಲದಲ್ಲಿ ಜೋಡಿ ತಾಳ, ಒಂದು ನೋಟುಬುಕ್ಕು, ಪಂಕ್ಚರ್ ಹಾಕುವ ಸಾಮಾನು. ಹಾರ್ಮೋನಿಯಂ ಎಂದರೆ ಹತ್ತು ಕಿಲೋದ ಮಾತು. ಅದೂ ಗುಂಡಿಗೆ ಬಿದ್ದು ಕುಲುಕಿದರೆ ಒಳಗಿನ ರೀಡು ಅಲುಗಿ ಸ್ವರ ಕೆಡುವಂಥ ವಸ್ತು. ನಮ್ಮ ರಸ್ತೆಗಳನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಗುಂಡಿ ಕಂಡಲ್ಲಿ ಅವರು ಇಳಿದು ಸೈಕಲನ್ನು ತಳ್ಳುತ್ತಿದ್ದರು. ಏರಿನಲ್ಲಿ ಇಳಿಯುತ್ತಿರಲಿಲ್ಲ.

ಲೋಕಲ್ ರೈಲಿನಲ್ಲಿ ಏಕೆ ಬರುವುದಿಲ್ಲವೆಂದು ಒಮ್ಮೆ ಕೇಳಿದ್ದೆವು. 1853ರಲ್ಲಿ ಈ ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಬಂದು ನಿಂತದ್ದು ನಮ್ಮ ಥಾಣೆಯಲ್ಲಿಯೇ. ಮರುವರ್ಷವೇ ಅದು ಕಲ್ಯಾಣ ಮುಟ್ಟಿತು. ರೈಲಿನ ಋಣದಲ್ಲಿ ಬೆಳೆದ ಊರುಗಳು ಇವು. ಆದರೆ ಸಂಜೆಯ ಗಾಡಿಯಲ್ಲಿ ಕಾಲಿಡುವುದೇ ದುಸ್ತರವಾಗಿರುವಾಗ ಹಾರ್ಮೋನಿಯಂ ಹೊತ್ತವನ ಗತಿ ಏನು? ಲಗೇಜಿನ ಡಬ್ಬಿಯಲ್ಲಿ ಮೀನಿನ ಬುಟ್ಟಿ, ತರಕಾರಿ ಮೂಟೆಗಳ ನಡುವೆ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಒಂದೆರಡು ಸಲ ಬಂದಿದ್ದರಂತೆ. "ಮಂದಿ ಬೈತಾರ್ರೀ. ಸೈಕಲ್ ಏನೂ ಅನ್ನಂಗಿಲ್ಲ" ಎಂದರು.

ಅವರು ಎಲ್ಲೆಲ್ಲಿ ಹಾಡುತ್ತಿದ್ದರು ಎಂಬುದು ನಮಗೆ ತಿಳಿದದ್ದು ನಿಧಾನವಾಗಿ. ನಮ್ಮಂಥ ಸಂಘದ ಸಭಾಂಗಣಕ್ಕೆ ವರ್ಷಕ್ಕೊಮ್ಮೆ. ಉಳಿದಂತೆ, ಹತ್ತು-ಹನ್ನೆರಡು ಮಂದಿಯ ಭಜನಾ ಮಂಡಳಿ. ಥಾಣೆಯ ಒಂದು ಚಾಳಿನಲ್ಲಿ ಗೌರಿಹಬ್ಬದ ಸಂಜೆ. ಹೋಟೆಲಿನ ಷಟರು ಅರ್ಧ ಎಳೆದ ಮೇಲೆ, ರಾತ್ರಿ ಹನ್ನೊಂದಕ್ಕೆ, ಮೇಜಿನ ಮೇಲೆ ಕುರ್ಚಿ ಮಗುಚಿಟ್ಟು ಕುಳಿತ ಹುಡುಗರ ಮುಂದೆ. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ತಲೆಮಾರಿನವರು ನಮ್ಮಲ್ಲಿ ಈಗಲೂ ಇದ್ದಾರೆ. ಹಗಲೆಲ್ಲ ಬಟ್ಟಲು ತೊಳೆದು ರಾತ್ರಿ ಪಾಟಿ ಹಿಡಿದವರಿಗೆ, ಆ ಹೊತ್ತಿನಲ್ಲಿ ತಮ್ಮ ಭಾಷೆಯ ಒಂದು ಹಾಡು ಕಿವಿಗೆ ಬಿದ್ದರೆ ಏನಾಗುತ್ತದೆಂದು ಅವರನ್ನೇ ಕೇಳಬೇಕು.

ಇವೆಲ್ಲಕ್ಕಿಂತ ದೂರದ ಒಂದು ಜಾಗ ಅವರಿಗಿತ್ತು, ಕೋಪರ್‌ಖೈರಣೆ. 1970ರಲ್ಲಿ ಸಿಡ್ಕೊ ಹುಟ್ಟಿದ ಮೇಲೆ ಖಾಡಿಯ ಆಚೆ ನವಿಮುಂಬಯಿ ಎದ್ದುನಿಂತಿತಷ್ಟೆ. ಅದನ್ನು ಎತ್ತಿ ನಿಲ್ಲಿಸಿದ ಕೈಗಳಲ್ಲಿ ವಿಜಾಪುರ, ಕಲಬುರ್ಗಿ ಕಡೆಯವರ ಕೈಗಳು ಎಷ್ಟೋ. ಮಳೆ ಕೈಕೊಟ್ಟ ಹೊಲ ಬಿಟ್ಟು, ಗಂಡ-ಹೆಂಡತಿ-ಮಕ್ಕಳು ಸಮೇತ ಬಂದು, ಕಟ್ಟಡದ ಮಗ್ಗುಲಲ್ಲೇ ತಗಡಿನ ಶೆಡ್ಡು ಹಾಕಿಕೊಂಡು, ಕಟ್ಟಡ ಮುಗಿದ ಮೇಲೆ ಶೆಡ್ಡು ಬಿಚ್ಚಿ ಮುಂದಿನ ಕಟ್ಟಡಕ್ಕೆ ಹೋಗುವವರು. ಅವರು ಮಾತನಾಡುವುದು ಕನ್ನಡ. ಆದರೆ ನಾವು 'ಹೊರನಾಡ ಕನ್ನಡಿಗರು' ಎಂದು ಭಾಷಣ ಮಾಡುವಾಗ ಅವರನ್ನು ಎಣಿಸಿದ್ದೇವೆಯೇ? ನಮ್ಮ ಸದಸ್ಯತ್ವದ ಪುಸ್ತಕದಲ್ಲಿ ಅವರ ಹೆಸರಿಲ್ಲ. ನಮ್ಮ ಕಾರ್ಯಕ್ರಮದ ಆಮಂತ್ರಣ ಅಂಚೆಯಲ್ಲಿ ಹೋಗುತ್ತದೆ. ಅವರಿಗೆ ವಿಳಾಸವೇ ಇಲ್ಲ. ಮಾಸ್ತರರು ತಿಂಗಳಿಗೊಮ್ಮೆ ಶೀಳ್ ಫಾಟಾ, ಮಹಾಪೆಯ ದಾರಿಯಾಗಿ ಅಲ್ಲಿಗೆ ಸೈಕಲ್ ತುಳಿಯುತ್ತಿದ್ದರು. ರಾತ್ರಿ ಅಲ್ಲಿಯೇ ಮಲಗಿ ಬೆಳಿಗ್ಗೆ ಹಿಂದಿರುಗುತ್ತಿದ್ದರು.

ಸಭೆಯಲ್ಲಿ ನಕ್ಕ ಎರಡು ತಿಂಗಳ ಮೇಲೆ, ನಾಚಿಕೆಯೋ ಕುತೂಹಲವೋ, ನಾವೂ ಒಮ್ಮೆ ಬರುತ್ತೇವೆಂದು ಹೇಳಿದೆವು. ಸೈಕಲಿನ ಮೇಲಲ್ಲ, ಅಷ್ಟು ಧೈರ್ಯ ಇರಲಿಲ್ಲ. ಥಾಣೆ-ವಾಶಿ ರೈಲು ಓಡಲಾರಂಭಿಸಿದ್ದು 2004ರಲ್ಲಿ. ಆಗ ಅದು ಇರಲಿಲ್ಲ. 1992ರಲ್ಲಿ ಬಂದ ಮಾನ್‌ಖುರ್ದ್-ವಾಶಿ ಮಾರ್ಗ ಮಾತ್ರ ಇತ್ತು. ಆದ್ದರಿಂದ ಕುರ್ಲಾದವರೆಗೆ ಹೋಗಿ, ಗಾಡಿ ಬದಲಿಸಿ, ವಾಶಿಯಲ್ಲಿಳಿದು, ರಿಕ್ಷಾ ಹಿಡಿದು, ಎರಡು ಸಲ ದಾರಿ ತಪ್ಪಿ ನಾವು ತಲುಪುವಾಗ ಮಾಸ್ತರರು ಕಾಲು ತೊಳೆದು, ಚಹಾ ಕುಡಿದು, ಹಾರ್ಮೋನಿಯಂ ಬಿಚ್ಚಿ ಕುಳಿತಿದ್ದರು. ನಮಗಿಂತ ಮೊದಲೇ ಹೊರಟಿದ್ದರೆನ್ನಿ.

ಕಟ್ಟಡದಿಂದ ಎಳೆದ ತಂತಿಗೆ ಒಂದು ಬಲ್ಬು. ಸಿಮೆಂಟಿನ ಖಾಲಿ ಚೀಲ ಬಿಡಿಸಿ ಹಾಸಿದ ನೆಲ. ಇಪ್ಪತ್ತೋ ಇಪ್ಪತ್ತೈದೋ ಜನ. ಹಾಲುಕುಡಿಯುವ ಕೂಸುಗಳನ್ನೂ ಸೇರಿಸಿ. ಮಾಸ್ತರರು ಒಂದು ವಚನ ಹಾಡಿದರು. ಆಮೇಲೆ ಶಿಶುನಾಳ ಶರೀಫರ ತತ್ವಪದಕ್ಕೆ ಬಂದರು. ನಮ್ಮ ಸಭಾಂಗಣದಲ್ಲಿ ಅವರು ಹಾಡಿದ್ದನ್ನು ಕೇಳಿದ್ದ ನಮಗೆ ಇದು ಬೇರೆಯೇ ಆಗಿ ತೋರಿತು. ಇಲ್ಲಿ ಯಾರೂ ಸುಮ್ಮನೆ ಕೂತಿರಲಿಲ್ಲ. ಎರಡನೆಯ ಸಾಲಿಗೆ ಗಂಡಸರು ದನಿ ಕೂಡಿಸಿದರು. ಮೂರನೆಯ ನುಡಿಗೆ ಬರುವಾಗ ಮೂಲೆಯಲ್ಲಿದ್ದ ಒಬ್ಬ ಮುದುಕಿ, "ಹಂಗಲ್ಲೋ ಯಪ್ಪಾ" ಎಂದು ಹಾಡನ್ನೇ ನಿಲ್ಲಿಸಿಬಿಟ್ಟಳು. ಅವಳ ಊರಲ್ಲಿ ಆ ನುಡಿಯನ್ನು ಹೇಳುವುದು ಬೇರೆ ರೀತಿಯಂತೆ. ಹೇಳು ಎಂದರು ಮಾಸ್ತರರು. ಅವಳು ಹಾಡಿದಳು, ಒಡಕು ದನಿ, ಆದರೆ ತಾಳ ಒಂದಿಷ್ಟೂ ಜಾರಲಿಲ್ಲ. ಮಾಸ್ತರರು ಹಾರ್ಮೋನಿಯಂ ಹಿಡಿದು ಅವಳ ಹಿಂದೆ ಹೋದರು. ಮುಗಿದ ಮೇಲೆ ಕೈಚೀಲದಿಂದ ನೋಟುಬುಕ್ಕು ತೆಗೆದು, ಬಲ್ಬಿನ ಕೆಳಗೆ ಸರಿದು ಬರೆದುಕೊಂಡರು.

ಸಭಾಂಗಣದಲ್ಲಿ ಇಷ್ಟು ವರ್ಷ ಅವರು ಹಾಡಿದರು. ಯಾರೊಬ್ಬರೂ ಅವರನ್ನು ತಿದ್ದಿರಲಿಲ್ಲ. ನಾವು ಚಪ್ಪಾಳೆ ಹೊಡೆದಿದ್ದೆವು.

ರಾತ್ರಿ ಹತ್ತರ ಸುಮಾರಿಗೆ ಒಂದು ತಾಟು ಎದ್ದಿತು. ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು. ಚಿಲ್ಲರೆ, ಒಂದು-ಎರಡು ರೂಪಾಯಿನ ನೋಟು, ಯಾರೋ ಒಬ್ಬರದು ಹತ್ತು. ಮೇಸ್ತ್ರಿಯಂತಿದ್ದವನು ಅದನ್ನು ಮಾಸ್ತರರ ಮುಂದಿಟ್ಟು ಕೈಮುಗಿದ. ಮಾಸ್ತರರು ಎಲ್ಲರ ಎದುರಿಗೆ ಎಣಿಸಿದರು, ಮೊತ್ತವನ್ನು ಗಟ್ಟಿಯಾಗಿ ಹೇಳಿದರು, ಅಂಗಿಯ ಒಳಜೇಬಿಗೆ ಹಾಕಿಕೊಂಡರು. ಆಮೇಲೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ.

ಸುಳ್ಳೇಕೆ ಹೇಳಬೇಕು, ನಮಗೆ ಅದು ಹಿಡಿಸಲಿಲ್ಲ. ದಿನಗೂಲಿಯ ಜನ, ಮಕ್ಕಳ ಮೈಮೇಲೆ ಸರಿಯಾದ ಬಟ್ಟೆಯಿಲ್ಲ. ಅವರಿಂದ ತೆಗೆದುಕೊಳ್ಳುವುದೇ? ನಮ್ಮ ಸಂಘದಲ್ಲಿ ಬಾಯಿಬಿಟ್ಟು ಒಂದು ಕಾಸೂ ಕೇಳದ ಮನುಷ್ಯ ಇಲ್ಲಿ ಎಣಿಸಿ ಜೇಬಿಗೆ ಹಾಕುತ್ತಾರಲ್ಲ! ಬೆಳಿಗ್ಗೆ ರಸ್ತೆಯವರೆಗೆ ಸೈಕಲ್ ತಳ್ಳಿಕೊಂಡು ಜೊತೆಗೆ ಬಂದಾಗ ಈ ಮಾತನ್ನು ಸುತ್ತಿ ಬಳಸಿ ಕೇಳಿದೆವು. ಅವರು ತಕ್ಷಣ ಉತ್ತರಿಸಲಿಲ್ಲ. ಕ್ಯಾರಿಯರಿನ ರಬ್ಬರು ಬಿಗಿ ಮಾಡಿ, ಆಮೇಲೆ ಹೇಳಿದರು:

"ಅಲ್ರೀ, ನಿಮ್ಮ ಸಂಘದಾಗ ನಾ ರೊಕ್ಕ ಕೇಳಲಿಲ್ಲ, ನೀವು ಕೊಡಲಿಲ್ಲ. ನೀವು ದೊಡ್ಡವರು, ಆ ಋಣ ತಡಕೋತೀರಿ. ಇವರ ಹಂತ್ಯಾಕ ರೊಕ್ಕ ಬ್ಯಾಡ ಅಂದ್ರ, ನೀವು ಬಡವರದೀರಿ ಅಂತ ಮಾರಿಮ್ಯಾಲ ಹೇಳಿದಂಗ ಆಗತದ. ನಿನ್ನಿ ರಾತ್ರಿ ಅವರ ಮನಿಗೆ ನಾ ಬಂದಿದ್ದೆ. ಅವರು ಯಜಮಾನರು."

ಸೈಕಲ್ ಏರಿ ಹೊರಟುಹೋದರು. ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಇದ್ದಿದ್ದರೆ ನಮಗೆ ಎಷ್ಟೋ ಸಮಾಧಾನವಾಗುತ್ತಿತ್ತು.

'ಕಲಾಸೇವೆ' ಎಂಬ ಶಬ್ದವನ್ನು ನಾವು ಬಲು ಸುಲಭವಾಗಿ ಬಳಸುತ್ತೇವೆ. ಆಮಂತ್ರಣ ಪತ್ರಿಕೆಯಲ್ಲಿ 'ಇವರಿಂದ ಸಂಗೀತ ಸೇವೆ' ಎಂದು ಅಚ್ಚು ಹಾಕಿಸಿದರೆ ಮುಗಿಯಿತು. ಕೊಡುವ ಮಾತು ಅಲ್ಲಿಗೆ ನಿಂತಿತು. ಆದರೆ ಸೇವೆ ಎಂದು ಹೇಳುವ ಹಕ್ಕು ಯಾರದು? ಮಾಡುವವನದು. ತಾನು ಮಾಡಿದ್ದನ್ನು ಹಾಡುಗಾರ ಸೇವೆ ಎಂದುಕೊಂಡರೆ ಅದು ಅವನ ದೊಡ್ಡತನ. ಮಾಡಿಸಿಕೊಂಡವನು ಹಾಗೆ ಹೇಳಿದರೆ ಅದಕ್ಕೆ ಬೇರೆ ಹೆಸರಿದೆ. ನಮ್ಮ ಮನೆಯಲ್ಲಿ ಪಾತ್ರೆ ತೊಳೆದುಕೊಟ್ಟ ಬಾಯಿಗೆ ತಿಂಗಳ ಕೊನೆಯಲ್ಲಿ 'ನಿಮ್ಮ ಸೇವೆ ಸ್ಮರಣೀಯ' ಎಂದು ಒಂದು ತೆಂಗಿನಕಾಯಿ ಕೊಟ್ಟು ಕಳಿಸುತ್ತೇವೆಯೇ? ಕಳಿಸಿ ನೋಡಬೇಕು!

ಆದರೆ ಹಾಡು ಪಾತ್ರೆ ತೊಳೆಯುವ ಕೂಲಿಯೂ ಅಲ್ಲವಲ್ಲ ಎಂಬ ಮಾತನ್ನೂ ತಳ್ಳಿಹಾಕುವಂತಿಲ್ಲ. ಇಷ್ಟು ಗಂಟೆಗೆ ಇಷ್ಟು ಎಂದು ಕೊಟ್ಟು ರಸೀತಿಗೆ ಸಹಿ ಮಾಡಿಸಿಕೊಂಡ ಮಾತ್ರಕ್ಕೆ ಹಾಡಿದವನ ಋಣ ತೀರಿತೆಂದು ನಮ್ಮ ಮನಸ್ಸು ಒಪ್ಪುವುದಿಲ್ಲ. ಇದೇ ತೊಡಕು. ಕೊಟ್ಟರೆ ತೀರುವುದಿಲ್ಲ, ತೀರುವುದಿಲ್ಲವೆಂದು ಕೊಡದೆ ಇರುವಂತಿಲ್ಲ. ನಮ್ಮ ಹಿಂದಿನವರು ಈ ತೊಡಕನ್ನು ಹೇಗೆ ನಿಭಾಯಿಸಿದರು ಎಂದು ಹಿಂದಿರುಗಿ ನೋಡಿದರೆ ಕೆಲವು ಸಂಗತಿಗಳು ಕಣ್ಣಿಗೆ ಬೀಳುತ್ತವೆ.

ಆರಾಧನೆಯ ದಿನ ನಾವು ಸ್ಮರಿಸಿದ್ದು ಪುರಂದರದಾಸರನ್ನು. ಶ್ರೀನಿವಾಸ ನಾಯಕನೆಂಬ ನವಕೋಟಿ ನಾರಾಯಣ ಎಲ್ಲವನ್ನೂ ತೊರೆದು, ವ್ಯಾಸರಾಯರಿಂದ ದೀಕ್ಷೆ ಪಡೆದು, ತಂಬೂರಿ ಹಿಡಿದು ಬೀದಿಗಿಳಿದ ಕಥೆ ಎಲ್ಲರಿಗೂ ಗೊತ್ತು. ದಾಸರು ಹಿಡಿದ ವೃತ್ತಿಗೆ ಮಧುಕರ ವೃತ್ತಿ ಎಂದು ಹೆಸರು. ಜೇನು ಒಂದೊಂದು ಹೂವಿನಿಂದ ಒಂದೊಂದು ಹನಿ ತೆಗೆದುಕೊಳ್ಳುತ್ತದೆ, ಹೂವಿಗೆ ನೋವಿಲ್ಲ. ಸಾಮಾನ್ಯವಾಗಿ ಉಪನ್ಯಾಸಕಾರರು ಇಲ್ಲಿಗೆ ನಿಲ್ಲಿಸುತ್ತಾರೆ. ನಮಗೆ ಇದರ ಇನ್ನೊಂದು ಮಗ್ಗುಲು ಮುಖ್ಯವಾಗಿ ತೋರುತ್ತದೆ: ಯಾವ ಹೂವೂ ಜೇನನ್ನು ತನ್ನದೆನ್ನುವಂತಿಲ್ಲ. ನೂರು ಮನೆಯ ಹಿಡಿ ಅಕ್ಕಿ ತಿಂದವನು ನೂರು ಮನೆಗಳಲ್ಲಿ ಯಾರಿಗೂ ಆಳಲ್ಲ. ಒಂದೇ ಮನೆಯ ಮೂಟೆ ಅಕ್ಕಿ ತಿಂದವನ ಸಂಗತಿ ಬೇರೆ. ದಾಸರ ಪರೀಕ್ಷೆಗೆಂದು ವಿಜಯನಗರದ ಅರಸ ಭಿಕ್ಷೆಯ ಅಕ್ಕಿಯಲ್ಲಿ ರತ್ನಗಳನ್ನು ಬೆರೆಸಿ ಹಾಕಿಸಿದನೆಂದೂ, ದಾಸರ ಪತ್ನಿ ಅವನ್ನು ಕಲ್ಲೆಂದು ಆರಿಸಿ ಹೊರಗೆಸೆದರೆಂದೂ ಒಂದು ಕಥೆಯುಂಟು. ನಡೆದದ್ದೋ ಕಟ್ಟಿದ್ದೋ, ಹೇಳುವ ಮಾತು ಸ್ಪಷ್ಟ. ಅಕ್ಕಿಯನ್ನು ಬೇಡವೆನ್ನಲಿಲ್ಲ ಎಂಬುದನ್ನು ಗಮನಿಸಬೇಕು. ಎಸೆದದ್ದು ರತ್ನವನ್ನು.

ಕರಾವಳಿಯ ನಮ್ಮ ಓದುಗರಿಗೆ ಚಿಕ್ಕಮೇಳದ ನೆನಪು ಇದ್ದೇ ಇದೆ. ಪತ್ತನಾಜೆಗೆ ದೊಡ್ಡ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲ ಕಲಾವಿದರಿಗೆ ಹೊಟ್ಟೆಯ ಚಿಂತೆಯ ಕಾಲ. ಆಗ ಒಬ್ಬ ಭಾಗವತರು, ಚೆಂಡೆ-ಮದ್ದಳೆಯವರು, ಒಂದೆರಡು ವೇಷ—ಇಷ್ಟೇ ಮಂದಿ ಸೇರಿ ಸಂಜೆಯಾದ ಮೇಲೆ ಮನೆಯಿಂದ ಮನೆಗೆ ಹೊರಡುತ್ತಾರೆ. ಮನೆಯವರು ದೀಪ ಹಚ್ಚಿ, ಹರಿವಾಣದಲ್ಲಿ ಅಕ್ಕಿ, ತೆಂಗಿನಕಾಯಿ ಇಟ್ಟು ಕಾಯುತ್ತಾರೆ. ಚಾವಡಿಯಲ್ಲಿ ಹತ್ತು-ಹದಿನೈದು ನಿಮಿಷದ ಒಂದು ತುಣುಕು ಪ್ರಸಂಗ. ಮುಗಿದ ಮೇಲೆ ಅಕ್ಕಿ, ಕಾಯಿ, ಕಾಣಿಕೆ ತೆಗೆದುಕೊಂಡು ಮುಂದಿನ ಮನೆಗೆ. ಇದನ್ನು ಭಿಕ್ಷೆ ಎಂದು ಯಾರಾದರೂ ಕರೆದದ್ದುಂಟೆ? ಮಳೆಯಲ್ಲಿ ತೊಯ್ದು ಬಂದವರು ಬೇಡಲಿಕ್ಕೆ ಬಂದವರಲ್ಲ. ಮನೆಗೆ ಗೆಜ್ಜೆಯ ಸದ್ದು ತಂದವರು. ಕೊಟ್ಟವರೂ ದಾನಿಗಳಲ್ಲ, ಆ ದಿನದ ಮಟ್ಟಿಗೆ ಆಟ ಆಡಿಸಿದವರು. ಒಂದು ರಾತ್ರಿಯ ಬಯಲಾಟ ಆಡಿಸುವ ಶಕ್ತಿ ಊರಿನಲ್ಲಿ ಎಷ್ಟು ಮನೆಗಿದ್ದೀತು? ಚಿಕ್ಕಮೇಳದ ಆಟ ಆಡಿಸುವ ಶಕ್ತಿ ಎಲ್ಲರಿಗೂ ಇದೆ. ಕೋಪರ್‌ಖೈರಣೆಯ ಆ ತಾಟಿನ ಅರ್ಥ ನಮಗೆ ಹೊಳೆದದ್ದು ಇದನ್ನು ನೆನೆದ ಮೇಲೆಯೇ.

ನಾವು ನೆಲೆಸಿದ ಈ ನಾಡಿನಲ್ಲೂ ವಾಸುದೇವ ಇದ್ದಾನೆ. ನವಿಲುಗರಿಯ ಟೋಪಿ ಹಾಕಿ, ಬೆಳಗಿನ ಜಾವ ತಾಳ-ಚಿಪ್ಲಿ ಬಾರಿಸುತ್ತ ಬಾಗಿಲಿಗೆ ಬರುವವನು. ಕಲ್ಯಾಣದ ಹಳೆಯ ವಠಾರಗಳಲ್ಲಿ ಅವನ ಹಾಡಿಗೆ ಎದ್ದವರು ನಮ್ಮವರಲ್ಲೂ ಇದ್ದಾರೆ. ಈಗ ನಮ್ಮ ಸೊಸೈಟಿಗಳ ಗೇಟಿನಲ್ಲಿ 'ಫಿರಸ್ತಿ ಮಾರಾಟಗಾರರಿಗೆ ಪ್ರವೇಶವಿಲ್ಲ' ಎಂಬ ಹಲಗೆ. ವಾಸುದೇವನೂ ಆ ಹಲಗೆಯ ಒಳಗೇ ಬಂದುಬಿಟ್ಟ. ಸಂಜೆ ಅದೇ ಸೊಸೈಟಿಯ ಅಂಗಳದಲ್ಲಿ 'ಮಹಾರಾಷ್ಟ್ರದ ಲೋಕಧಾರಾ' ಎಂಬ ಕಾರ್ಯಕ್ರಮ, ಬಾಡಿಗೆಯ ಟೋಪಿ ತೊಟ್ಟ ವಾಸುದೇವರು ನಾಲ್ವರು. ಇರಲಿ, ಇದು ಬೇರೆ ಮಾತು.

ಹೀಗೆ ಬರೆಯುತ್ತಿರುವಾಗ ನಮಗೇ ಒಂದು ಅನುಮಾನ ಬರುತ್ತದೆ. ಸೈಕಲ್ ತುಳಿಯುವ ಬಡ ಹಾಡುಗಾರನನ್ನು ಹೊಗಳುವುದು ನಮ್ಮಂಥವರಿಗೆ ಬಹಳ ಅನುಕೂಲದ ಕೆಲಸ. ಅವನ ಸರಳತೆಗೆ ನಾವು ಕಣ್ಣೀರು ಮಿಡಿಯಬಹುದು. ಟೈರಿನ ಖರ್ಚು ಅವನದು. ಅವನು ಬಡವನಾಗಿಯೇ ಇರಲೆಂದು ಬಯಸುವ ಒಂದು ಬಗೆಯ ರಸಿಕತೆ ಉಂಟಷ್ಟೆ. ಕಲೆ ಹಣ ಮುಟ್ಟಬಾರದೆಂದು ಹೇಳುವವರು ಬಹುಮಟ್ಟಿಗೆ ಹಣ ಕೈಯಲ್ಲಿರುವವರೇ.

ಮಾಸ್ತರರು ಹೆಸರು ಹೇಳುವಾಗಲೆಲ್ಲ ಕಿವಿ ಮುಟ್ಟಿಕೊಳ್ಳುತ್ತಿದ್ದ ಒಬ್ಬ ಮಹಾನುಭಾವರಿದ್ದಾರೆ: ಪಂಚಾಕ್ಷರಿ ಗವಾಯಿಗಳು. 1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದವರು, ಕಣ್ಣಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಕರ್ನಾಟಕ-ಹಿಂದುಸ್ತಾನಿ ಎರಡೂ ಕಲಿತು, ಕುರುಡ ಮಕ್ಕಳನ್ನೂ ಅನಾಥರನ್ನೂ ಕಟ್ಟಿಕೊಂಡು ಊರೂರು ಅಲೆಯುತ್ತ ಸಂಗೀತ ಕಲಿಸಿದರು. ಅದು ಸಂಚಾರಿ ಪಾಠಶಾಲೆ, ಹೋದಲ್ಲೇ ಶಾಲೆ. ಹಳ್ಳಿಯವರು ಕೊಟ್ಟ ಜೋಳದಲ್ಲಿ ಅಡಿಗೆ, ಹಳ್ಳಿಯವರಿಗೆ ಹಾಡು. ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ಅದು ನೆಲೆ ನಿಂತಿತು. 1944ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು, ಅವರಿಗೂ ಕಣ್ಣಿಲ್ಲ, 2010ರಲ್ಲಿ ದೇಹ ಬಿಡುವ ತನಕ ಅದನ್ನು ನಡೆಸಿದರು. ಇದೆಲ್ಲ ಭಕ್ತಿಯಿಂದ ಹೇಳುವಂಥ ಚರಿತ್ರೆಯೇ. ಆದರೆ ಅಷ್ಟು ಮಕ್ಕಳ ಹೊಟ್ಟೆ ಬರೀ ಸೇವಾಭಾವದಿಂದ ತುಂಬಲಿಲ್ಲ. ಆಶ್ರಮವನ್ನು ಸಾಕಲು ಅವರು ನಾಟಕ ಕಂಪನಿಯನ್ನೇ ಕಟ್ಟಬೇಕಾಯಿತು. ಪುಟ್ಟರಾಜರು ನಾಟಕ ಬರೆದರು. ಟಿಕೆಟ್ಟು ಮಾರಿ ಬಂದ ದುಡ್ಡಿನಲ್ಲಿ ಒಲೆ ಉರಿಯಿತು. ಟಿಕೆಟ್ಟು ಮಾರಿದ್ದರಿಂದ ಅವರ ಸಂಗೀತಕ್ಕೆ ಮೈಲಿಗೆಯಾಯಿತೆಂದು ಹೇಳುವ ಎದೆ ಯಾರಿಗಿದೆ?

ಹಾಗಾದರೆ ಸೈಕಲಿನಲ್ಲಿ ವಿಶೇಷವೇನು? ಬಡತನವಂತೂ ಅಲ್ಲ. ಅಮೆರಿಕದ ಕೆಂಟಕಿಯ ಬೆನ್ ಸೋಲಿ ಎಂಬ ಸೆಲ್ಲೋ ವಾದಕ ಬಡವನಾಗಿ ಸೈಕಲ್ ಏರಿದವನಲ್ಲ. ಸೆಲ್ಲೋ ಎಂದರೆ ಆಳುದ್ದಕ್ಕೆ ಸಮೀಪದ ತಂತಿವಾದ್ಯ. ಅದನ್ನು ಸೈಕಲಿಗೆ ಕಟ್ಟಿ 2009ರಲ್ಲಿ ಅವನು ಲೆಕ್ಸಿಂಗ್‌ಟನ್ನಿನಿಂದ ಟೆನೆಸ್ಸಿಯ ಬೊನಾರೂ ಸಂಗೀತೋತ್ಸವಕ್ಕೆ ಸುಮಾರು 330 ಮೈಲಿ ತುಳಿದುಕೊಂಡು ಹೋದ, ದಾರಿಯ ಸಣ್ಣ ಊರುಗಳಲ್ಲಿ ನುಡಿಸುತ್ತ. ವ್ಯಾನಿನಲ್ಲಿ ಹೋದರೆ ಕಣ್ಣಿಗೇ ಬೀಳದೆ ಹಿಂದೆ ಸರಿದುಹೋಗುವ ಊರುಗಳು ಅವು. ಸೈಕಲಿನವನಿಗೆ ಆ ಊರು ತಪ್ಪಿಸಿಕೊಳ್ಳಲು ಬರುವುದಿಲ್ಲ. ಅಲ್ಲಿ ನೀರು ಕುಡಿಯಬೇಕು, ಅಲ್ಲಿ ಮಲಗಬೇಕು.

ಲೆಕ್ಕದ ಮಾತಿನಲ್ಲೇ ಹೇಳುವುದಾದರೆ ಹೀಗೆ. ನಾಲ್ವರ ತಂಡ ಬೆಂಗಳೂರಿನಿಂದ ಬರಬೇಕಾದರೆ ಮುನ್ನೂರು ಜನರ ಸಭಾಂಗಣ ಬೇಕು, ಜಾಹೀರಾತು ಬೇಕು, ಸ್ಮರಣಸಂಚಿಕೆ ಬೇಕು. ಆ ತಂಡ ಇಪ್ಪತ್ತೈದು ಕೂಲಿಗಳ ಶೆಡ್ಡಿಗೆ ಹೋಗಲಾರದು. ಮನಸ್ಸಿಲ್ಲದೆ ಅಲ್ಲ, ಲೆಕ್ಕ ಕೂಡದೆ. ಬರುವ ಖರ್ಚು ಹೆಚ್ಚಿದಷ್ಟೂ ಕೇಳುವವರ ಸಂಖ್ಯೆ ಹೆಚ್ಚಬೇಕು. ಸಂಖ್ಯೆ ಕಡಿಮೆ ಇರುವವರು ತಾವಾಗಿಯೇ ಹೊರಗುಳಿಯುತ್ತಾರೆ. ಮಾಸ್ತರರ ಸೈಕಲ್ ಈ ಲೆಕ್ಕವನ್ನು ತಪ್ಪಿಸುತ್ತಿತ್ತು. ಅವರು ಮೂರು ಜನರ ಮುಂದೆ ಹಾಡಿದರೂ ನಷ್ಟವಿಲ್ಲ. ಅವರ ಖರ್ಚನ್ನು ಕಾಲುಗಳು ಹೊತ್ತಿದ್ದವು. ಎಂದರೆ, ಸೈಕಲಿಗೆ ಟಿಕೆಟ್ ಇಲ್ಲ ಎಂಬುದು ಕೋಶಾಧಿಕಾರಿಗಳು ಹೇಳಿದಂತೆ ನಿಜವೇ, ಅದರಿಂದ ಉಳಿದದ್ದು ಮಾತ್ರ ನಮ್ಮ ಸಂಘಕ್ಕೆ ಸೇರಬೇಕಾದ ಉಳಿತಾಯವಾಗಿರಲಿಲ್ಲ. ಅದನ್ನು ಅವರು ಉಳಿಸಿದ್ದು ಕೋಪರ್‌ಖೈರಣೆಯವರಿಗಾಗಿ. ನಾವು ನಡುವೆ ಕೈಹಾಕಿ ಜೇಬಿಗಿಳಿಸಿದ್ದೆವು.

ಇದನ್ನು ಮುಂದಿನ ಸಮಿತಿಯ ಸಭೆಯಲ್ಲಿ ಹೇಳಿದೆವು. ಇಷ್ಟು ವಿಸ್ತಾರವಾಗಿ ಅಲ್ಲ. ಚರ್ಚೆ ನಡೆಯಿತು. ಸ್ಥಳೀಯರಿಗೆ ಕೊಡಲಾರಂಭಿಸಿದರೆ ಎಲ್ಲರೂ ಕೇಳುತ್ತಾರೆ ಎಂದು ಒಬ್ಬರು; ಕೇಳಲಿ, ಅದರಲ್ಲಿ ತಪ್ಪೇನೆಂದು ಇನ್ನೊಬ್ಬರು. ಅಂದು ನಗದಿದ್ದ ಮಹಿಳೆ, ಬೆಂಗಳೂರಿನವರಿಗೆ ಕೊಟ್ಟದ್ದು ಅವರು ದೊಡ್ಡ ಕಲಾವಿದರೆಂದೋ, ದೂರದಿಂದ ಬಂದರೆಂದೋ, ಇಲ್ಲ ಅವರು ಮೊದಲೇ ಪತ್ರ ಬರೆದು ಕೇಳಿದರೆಂದೋ ಎಂದು ಪ್ರಶ್ನಿಸಿದರು. ಮೂರನೆಯದೇ ನಿಜವಾದ ಕಾರಣವೆಂದು ಎಲ್ಲರಿಗೂ ಗೊತ್ತಿತ್ತು. ಕೇಳುವವನಿಗೆ ಕೊಡುತ್ತೇವೆ, ಸಂಕೋಚಪಡುವವನಿಗೆ ಶಾಲು ಹೊದೆಸುತ್ತೇವೆ. ಕೊನೆಗೆ ಕೋಶಾಧಿಕಾರಿಗಳೇ ದಾರಿ ತೋರಿಸಿದರು. ಟಿಕೆಟ್ ಇಲ್ಲದವರಿಗೆ ಬಿಳಿಯ ಹಾಳೆಯಲ್ಲಿ 'ಕಲ್ಯಾಣದಿಂದ ಡೊಂಬಿವಲಿಗೆ, ಸೈಕಲ್' ಎಂದು ಬರೆದು ಅಧ್ಯಕ್ಷರು ಸಹಿ ಮಾಡಿದರೆ ಅದನ್ನೇ ವೋಚರಿಗೆ ಅಂಟಿಸುತ್ತೇನೆ ಎಂದರು. ಲೆಕ್ಕಪರಿಶೋಧಕರು ಕೇಳಿದರೆ ತಾನು ಉತ್ತರ ಹೇಳುತ್ತೇನೆ ಎಂದೂ ಸೇರಿಸಿದರು. ಅವರ ಬಗ್ಗೆ ನಮಗಿದ್ದ ಗೌರವ ಆ ದಿನ ಇಮ್ಮಡಿಯಾಯಿತು.

ಮುಂದಿನ ವರ್ಷದ ಆರಾಧನೆಗೆ ಮಾಸ್ತರರಿಗೆ ಶಾಲಿನ ಜೊತೆ ಲಕೋಟೆ ಕೊಟ್ಟೆವು. ವೇದಿಕೆಯ ಮೇಲೆಯೇ ಅವರು ಅದನ್ನು ಬಿಚ್ಚಿ, ಎಣಿಸಿ, ಮೊತ್ತ ಹೇಳಿ ಜೇಬಿಗೆ ಹಾಕಿಕೊಂಡರು. ಸಭೆಯಲ್ಲಿ ಸ್ವಲ್ಪ ಗುಸುಗುಸು ಆಯಿತು. ನಮ್ಮ ಅತಿಥಿಗಳೊಬ್ಬರು ಮುಖ ಬೇರೆ ಕಡೆ ತಿರುಗಿಸಿದರು. ನಮಗೆ ಮಾತ್ರ, ಶೆಡ್ಡಿನವರ ಸಾಲಿನಲ್ಲಿ ನಮ್ಮನ್ನೂ ಕೂಡಿಸಿಕೊಂಡರಲ್ಲ ಎಂದು ಹಗುರವಾಯಿತು.

ಅದಾದ ಮೇಲೆ ಅವರು ಬಹಳ ವರ್ಷ ಬರಲಿಲ್ಲ. ಮೊಣಕಾಲು ಹಿಡಿಯಿತು. ಶೀಳ್ ರಸ್ತೆಯಲ್ಲಿ ಲಾರಿಗಳು ಹೆಚ್ಚಾಗಿ ಸೈಕಲಿನವರಿಗೆ ಅಂಚೂ ಉಳಿಯದಾಯಿತು. ಊರಿಗೆ ಹಿಂದಿರುಗುವ ಮುನ್ನ ಹಾರ್ಮೋನಿಯಂ ಮಾರಲಿಲ್ಲ, ಜೊತೆಗೆ ಒಯ್ದರು. ಸೈಕಲನ್ನು ಭಜನಾ ಮಂಡಳಿಯ ಒಬ್ಬ ಹುಡುಗನಿಗೆ ಕೊಟ್ಟರು. ನಮಗೆ ಕೊಟ್ಟದ್ದು ಆ ನೋಟುಬುಕ್ಕು. ಸಂಘದಿಂದ ಅಚ್ಚು ಹಾಕಿಸೋಣವೇ ಎಂದು ಕೇಳಿದ್ದಕ್ಕೆ, "ಆಮ್ಯಾಲ ನೋಡ್ರಿ. ಮೊದಲ ಅವರ ಕಡೆ ಒಮ್ಮೆ ಹೋಗಿ ಬರ್ರಿ. ಆಯಿ ಇನ್ನೂ ಎರಡ ನುಡಿ ಹೇಳೋದೈತಿ ಅಂದಿದ್ಲು" ಎಂದರು.

ನಾವು ಹೋದೆವು, ತಡವಾಗಿ. ಮಳೆಗಾಲ ಕಳೆಯಲಿ ಎಂದುಕೊಂಡು, ಆಮೇಲೆ ದೀಪಾವಳಿ ಎಂದುಕೊಂಡು, ಸಮಿತಿಯ ಚುನಾವಣೆ ಎಂದುಕೊಂಡು. ಶೆಡ್ಡುಗಳಿದ್ದ ಜಾಗದಲ್ಲಿ ಏಳು ಅಂತಸ್ತಿನ ಕಟ್ಟಡ ಮುಗಿದು, ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿದ್ದವು. ಗೇಟಿನ ಕಾವಲುಗಾರ ಉತ್ತರದ ಕಡೆಯವನು. ಕರ್ನಾಟಕದ ಕೂಲಿಯವರು ಇಲ್ಲಿದ್ದರಲ್ಲ, ಎಲ್ಲಿಗೆ ಹೋದರು ಎಂದು ಕೇಳಿದೆವು. ಉಲ್ವೆಯ ಕಡೆ ಹೊಸ ಸೈಟು ಎದ್ದಿದೆ, ಅಲ್ಲಿ ವಿಚಾರಿಸಿ ಎಂದ. ನೋಟುಬುಕ್ಕಿನಲ್ಲಿ ಆ ನುಡಿಯ ಕೆಳಗೆ ಮಾಸ್ತರರು ಅರ್ಧ ಪುಟ ಖಾಲಿ ಬಿಟ್ಟಿದ್ದಾರೆ.